ಹಕಾರವಿಲ್ಲದ ಮನೆ

ಚಿತ್ತಪ್ಪನ ಸಂಸಾರ ಅಮರಾಪುರದ ಕಡೆಯ ಹಳ್ಳಿ ಬಿಟ್ಟು ರಾಯದುರ್ಗಕ್ಕೆ ಬಂದಿಳಿದ ದಿನ ಟೆಂಪೋದಲ್ಲಿ ಒಂದು ಟ್ರಂಕು, ಎರಡು ಮೂಟೆ ರಾಗಿ, ಬೀಸುವ ಕಲ್ಲು, ಮುದ್ದೆ ತಿರುವುವ ಕೋಲು ಮತ್ತು ನಾಲ್ಕು ಜನರಿದ್ದರು. ಹ ಎಂಬ ಅಕ್ಷರ ಮಾತ್ರ ಇರಲಿಲ್ಲ. ಆ ಸೀಮೆಯವರು ಅದನ್ನು ಎಷ್ಟೋ ತಲೆಮಾರಿನ ಹಿಂದೆ ಎಲ್ಲೋ ಬೀಳಿಸಿಕೊಂಡು, ಹುಡುಕುವ ಗೋಜಿಗೂ ಹೋಗಿರಲಿಲ್ಲ. ಹಾಲು ಅವರಿಗೆ ಆಲು, ಹೂವು ಊವು, ಹಸಿವು ಅಸಿವು. ಮುದ್ದೆಯನ್ನು ಹಿಟ್ಟು ಎನ್ನುವವರಾದ್ದರಿಂದ ಅದು ಇಟ್ಟು. “ಇಟ್ಟು ಇಟ್ಟಿದೀನಿ, ಬಂದುಣ್ಣಿ” ಎಂದು ಸೌಭಾಗ್ಯ ಕೂಗಿದರೆ, ಈಕೆ ಏನನ್ನು ಎಲ್ಲಿಟ್ಟಳೋ ಎಂದು ವಠಾರದ ಹೆಂಗಸರು ಬಾಗಿಲಿಗೆ ಬರುತ್ತಿದ್ದರು.

ಊರು ಬಿಡುವ ಮಾತೆತ್ತಿದವಳು ಸೌಭಾಗ್ಯಳೇ. ಅಣ್ಣತಮ್ಮಂದಿರು ಮನೆ ಹಂಚಿಕೊಂಡಾಗ ಅವಳ ಗಂಡ ಚಿತ್ತಪ್ಪನ ಪಾಲಿಗೆ ಬಂದದ್ದು ರೇಷ್ಮೆ ಹುಳು ಸಾಕುವ ಕೋಣೆ. “ಉಳ ಸಾಕೋ ಕೋಣೇಲಿ ನಾವೆಂಗೆ ಉಳಕಣಾನ?” ಎಂದು ಅವಳು ಒಂದು ವರ್ಷ ಕೇಳಿದಳು. ರಾಯದುರ್ಗದಲ್ಲಿ ಮನೆಮನೆಯಲ್ಲೂ ಜೀನ್ಸ್ ಕೆಲಸವಿದೆ, ಮಗಳು ಮೌನಿಕಾ ಅಲ್ಲೇ ಕಾಲೇಜು ಸೇರಿ ಇಂಟರ್ ಓದಬಹುದು ಎಂದಳು. ಚಿತ್ತಪ್ಪ ಕೊನೆಗೆ ಒಪ್ಪಿದ. ಅವನ ತಾಯಿ ನರಸಮ್ಮ ಒಪ್ಪಲಿಲ್ಲ, ಆದರೆ ಟೆಂಪೋ ಹತ್ತಿದಳು. ಮುದ್ದೆ ಕೋಲು ದಾರಿಯುದ್ದಕ್ಕೂ ಅವಳ ಕೈಯಲ್ಲೇ ಇತ್ತು.

ಎರಡೂ ಆಂಧ್ರದ ಗಡಿಯೂರುಗಳೇ, ಮಾತು ಎರಡು ಕಡೆಯೂ ಕನ್ನಡವೇ, ಕಚೇರಿಗೆ ಹೋದರೆ ಎರಡು ಕಡೆಯೂ ತೆಲುಗೇ. ಆದರೂ ಮೊದಲ ತಿಂಗಳು ನಾಲ್ವರಿಗೂ ಪರದೇಶಕ್ಕೆ ಬಂದಂತಾಗಿತ್ತು. ಇಲ್ಲಿ ಬೆಳಗಾದರೆ ಸಾಲುಮನೆಗಳಿಂದ ರೊಟ್ಟಿ ಬಡಿಯುವ ಸದ್ದು. ಇವರ ಒಲೆಯ ಮೇಲೆ ಮುದ್ದೆ ಕಳ್ಳನ ಹಾಗೆ ಸದ್ದಿಲ್ಲದೆ ಬೇಯುತ್ತಿತ್ತು. ಇಲ್ಲಿಯವರು ಮಾತಿನ ತುದಿಗೆಲ್ಲ ಒಂದೊಂದು ‘ರಿ’ ಅಂಟಿಸುತ್ತಿದ್ದರು. “ಇವರು ಗದರ್ತಾರೋ ಮರ್ವಾದೆ ಕೊಡ್ತಾರೋ ಒಂದೂ ಗೊತ್ತಾಗಲ್ಲ” ಎಂದು ನರಸಮ್ಮ ತಿಂಗಳೊಪ್ಪತ್ತು ಯಾರಿಗೂ ಉತ್ತರವನ್ನೇ ಕೊಡಲಿಲ್ಲ.

ಸೌಭಾಗ್ಯ ಮನೆಯಲ್ಲೇ ಕುಳಿತು ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಹಿಡಿದಳು. ಹೊಲಿಗೆಯಾಗಿ ಬಂದ ಪ್ಯಾಂಟಿನ ಅಂಚಿನಲ್ಲಿ ಜೋತುಬಿದ್ದ ದಾರದ ತುದಿಗಳನ್ನು ಸಣ್ಣ ಕತ್ತರಿಯಿಂದ ತೆಗೆಯುವುದು. ಸಂಜೆಯ ಹೊತ್ತಿಗೆ ಬೆರಳು, ಮಡಿಲು, ಕೆಲವೊಮ್ಮೆ ಸಾರಿನ ಪಾತ್ರೆಯ ಹಿಡಿಯೂ ನೀಲಿಯಾಗುತ್ತಿತ್ತು.

“ಈ ಊರಾಗೆ ಒಂದು ಕುದುರೇನೂ ಕಾಣೆ. ಇಷ್ಟೊಂದು ಜೀನು ಯಾತುಕ್ಕೆ ಒಲೀತಾರೆ?” ಎಂದು ನರಸಮ್ಮ ಕೇಳಿದಳು.

“ಅಜ್ಜಿ, ಇದು ಮನುಷ್ಯರ ಕಾಲಿಗೆ ಆಕೋ ಜೀನು” ಎಂದಳು ಮೌನಿಕಾ.

“ಅಂಗಾರೆ ಒಂದು ಕಡಿವಾಣನೂ ಒಲಿಸ್ಕಂಡು ಬಾ. ನಿನ್ನ ಬಾಯಿಗೆ.”

ಪಕ್ಕದ ಮನೆಯ ಪಂಪಮ್ಮ ಒಳ್ಳೆಯವಳು. ಅವಳ ಗಂಡ ಬೊಮ್ಮಣ್ಣ, ಪೆದ್ದಣ್ಣ ಎಂಬವನ ವಾಷಿಂಗ್ ಯೂನಿಟ್ಟಿನಲ್ಲಿ ಮೇಸ್ತ್ರಿ. ಹೊಸ ಜೀನ್ಸನ್ನು ರಾಸಾಯನಿಕದ ನೀರಿನಲ್ಲಿ ಅದ್ದಿ, ಹಳೆಯದರಂತೆ ಮಾಡಿ ಕಳಿಸುವ ಕಡೆ ಅದು. ಚಿತ್ತಪ್ಪನಿಗೆ ಅಲ್ಲಿ ಕೆಲಸ ಕೊಡಿಸಿದವನೂ ಬೊಮ್ಮಣ್ಣನೇ. ಎರಡನೆಯ ತಿಂಗಳಲ್ಲಿ ಪಂಪಮ್ಮನ ತಮ್ಮನ ಕಣೇಕಲ್ಲಿನ ಮನೆಯಲ್ಲಿ ಎಮ್ಮೆ ಈಯಿತು. ಗಿಣ್ಣದ ಹಾಲು ಬಸ್ಸಿನಲ್ಲಿ ಬಂತು. ಪಂಪಮ್ಮ ಒಂದು ಚೊಂಬು ತುಂಬ ತಂದು ನರಸಮ್ಮನ ಕೈಗಿತ್ತು, “ಒಯ್ರಿ ಅಜ್ಜಿ, ಒಯ್ರಿ” ಎಂದಳು.

ನರಸಮ್ಮ ಚೊಂಬನ್ನೊಮ್ಮೆ, ಪಂಪಮ್ಮನ ಮುಖವನ್ನೊಮ್ಮೆ ನೋಡಿದಳು. ಅವಳ ಕಡೆ ಹೊಯ್ಯಿ ಎಂದರೆ ಸುರಿ ಎಂದರ್ಥ. ಹಕಾರ ಉದುರಿ ಅದು ಒಯ್ಯಿ ಆಗಿತ್ತು. ತೆಗೆದುಕೊಂಡು ಹೋಗು ಎನ್ನಬೇಕಾದರೆ ಅವರು ‘ತಗಂಡೋಗು’ ಎನ್ನುತ್ತಾರೆ. ಈದ ದನದ ಮೊದಲ ಹಾಲನ್ನು ದೇವರ ಹೆಸರಿನಲ್ಲಿ ನೆಲಕ್ಕೆ ಬಿಡುವುದು ಅವಳ ತವರಿನ ಪದ್ಧತಿ. ಇಲ್ಲಿಯೂ ಅದುಂಟೆಂದು ತಿಳಿದು ಅವಳಿಗೆ ಮೊದಲ ಬಾರಿಗೆ ಈ ಊರಿನ ಮೇಲೆ ಪ್ರೀತಿ ಬಂತು. ನಲ್ಲಿಯ ಪಕ್ಕದ ಬೇವಿನ ಬುಡಕ್ಕೆ ಹೋಗಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೊನೆಯ ಹನಿಯವರೆಗೂ ಹೊಯ್ದು ಕೈಮುಗಿದಳು.

“ಯಪ್ಪಾ! ಅಜ್ಜಿ, ಏನ್ ಮಾಡಿದ್ರಿ! ಎಲ್ಲಾ ಚೆಲ್ಲಿಬಿಟ್ರಲ್ರಿ!”

“ನೀನೇ ಒಯ್ರಿ ಅಂದ್ಯಲ್ಲ ಕಣವ್ವ, ಒಯ್ದೆ.”

“ಮನಿಗೆ ಒಯ್ರಿ ಅಂದೆ!”

“ಮನೆಯೊಳಗೆ ಯಾರಾದ್ರೂ ಆಲು ಒಯ್ತಾರಾ?”

ಮೌನಿಕಾ ನಡುವೆ ನಿಂತು ಈ ಕನ್ನಡವನ್ನು ಆ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ವಠಾರ ಒಂದು ವಾರ ನಕ್ಕಿತು. ಪಂಪಮ್ಮ ಬೇವಿನ ಮರಕ್ಕೆ ‘ಗಿಣ್ಣದ ಮರ’ ಎಂದು ಹೆಸರಿಟ್ಟಳು. ಆಮೇಲೆ ನರಸಮ್ಮನೂ ನಕ್ಕಳು, ಅರ್ಧ ಬಾಯಿಯಲ್ಲಿ.

ಮೌನಿಕಾಳಿಗೆ ಆ ಹೆಸರಿಟ್ಟವರು ಅವಳು ಬಾಯಿ ಬಿಡುವ ಮೊದಲೇ ಇಟ್ಟಿರಬೇಕು. ಹುಡುಗಿ ಒಂದು ಸಲ ಕೇಳಿದ ದನಿಯನ್ನು ಬಿಡುತ್ತಿರಲಿಲ್ಲ. ಕಾಲೇಜಿನ ತೆಲುಗು ಮೇಷ್ಟ್ರು, ಮಡಕಶಿರಾ ಬಸ್ಸಿನ ಕಂಡಕ್ಟರು, ಜಗಳವಾಡುವಾಗಿನ ಪಂಪಮ್ಮ, ಎಲ್ಲರೂ ಸಂಜೆ ಊಟಕ್ಕೆ ಮೊದಲು ಅವಳ ಗಂಟಲಿನಿಂದ ಇಳಿದುಬರುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದವನು ಬೊಮ್ಮಣ್ಣ. ಅಡಕೆ ಒತ್ತರಿಸಿಕೊಂಡ ಕೆನ್ನೆ, ಮೂಗಿನಿಂದ ಬರುವ ಮಾತು, ಮಾತಿನ ಕೊನೆಗೊಂದು ಒಣ ಕೆಮ್ಮು.

“‘ಲೇ, ಆ ಬಂಡಲ್ ಒಯ್ಯೋ! ಈ ಕ್ಯಾನ್ ಒಯ್ಯೋ! ನಿಂತ್ಕೊಂಡು ನನ್ನ ಮಾರಿ ಏನ್ ನೋಡ್ತೀಯೋ, ಖ್ಹೆ!’”

ಚಿತ್ತಪ್ಪ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಕಣ್ಣು ಮುಚ್ಚಿದ್ರೆ ಅವನೇ! ಆದ್ರೆ ನಂಗೆ ಅಂಗನ್ನಲ್ಲ ಕಣವ್ವ. ವಯಸ್ಸಲ್ಲಿ ದೊಡ್ಡೋನು ಅಂತ ‘ಒಯ್ರಿ ಅಣ್ಣಾರ’ ಅಂತಾನೆ.”

“ರಿ ಅಂದ್ರೆ ನಗು ಬರಲ್ಲಪ್ಪ. ಓ ಅಂದ್ರೇನೇ ಬೊಮ್ಮಣ್ಣ.”

“ಏನಾರ ಅನ್ನು, ಬಾಗ್ಲಾಕ್ಕಂಡು ಅನ್ನು. ಮೇಸ್ತ್ರಿ ಕಿವಿಗೆ ಬಿದ್ರೆ ನನ್ನ ಕೆಲ್ಸ ಓಗ್ತದೆ.”

ಹಾಗಾಗಿ ಬೊಮ್ಮಣ್ಣನ ಆಟ ಮುಚ್ಚಿದ ಬಾಗಿಲ ಹಿಂದೆಯೇ ನಡೆಯುತ್ತಿತ್ತು. ಮನೆಯ ನಾಲ್ವರ ಹೊರತು ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ತಿಂಗಳಿಗೆ ಆಟ ಯಾವುದು, ಮಾತು ಯಾವುದು ಎಂದು ಹೇಳುವುದು ಕಷ್ಟವಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವಳೇ ಮೌನಿಕಾ, “ಯಾಕ ಅವ್ವ, ಸಾರಿಗೆ ಉಪ್ಪು ಕಡಿಮಿ ಐತಿ” ಎಂದಳು.

ನರಸಮ್ಮ ಮುದ್ದೆ ಕೋಲನ್ನು ಕೆಳಗಿಟ್ಟಳು. “ಯಾರ ಮಗಳೇ ನೀನು?”

“ನಿಮ್ಮ ಮೊಮ್ಮಗಳ್ರಿ.”

“ನೋಡೇ ಸೌಭಾಗ್ಯ, ನಿನ್ನ ಮಗಳು ನಂಗೆ ರಿ ಅಂತಾಳೆ. ನೆಂಟ್ರನ್ನ ಮಾಡ್ಕಂಡ್ಳು ನನ್ನ.”

ಸೌಭಾಗ್ಯ ಸೌಟಿನ ತುದಿಯಿಂದ ಮಗಳ ಮೊಣಕೈಗೆ ಒಂದೇಟು ಹಾಕಿದಳು. “ಕಾಲೇಜಲ್ಲಿ ಎಂಗಾರ ಮಾತಾಡು. ಒಸ್ಲು ದಾಟಿದ ಮ್ಯಾಲೆ ನಮ್ ಮಾತಾಡು.”

“ಒಸ್ಲು ಅಲ್ಲಮ್ಮ, ಹೊಸ್ತಿಲು! ಕಾಲೇಜಲ್ಲಿ ನನ್ನ ಏನಂತ ಕರೀತಾರೆ ಗೊತ್ತಾ? ‘ಅಮ್ರಾಪುರದ ಆಲು’ ಅಂತಾರೆ. ನಾನು ಈ ಊರೋಳಾಗ್ಲಿ ಅಂತ್ಲೇ ತಾನೇ ನೀನು ಕರ್ಕಂಡು ಬಂದಿದ್ದು? ಆಗ್ತಾ ಇದೀನಿ. ಈಗ ಯಾಕೆ ಒಡೀತೀಯ?”

ಸೌಭಾಗ್ಯ ಮಗಳ ತಟ್ಟೆಯನ್ನು ಹತ್ತಿರಕ್ಕೆಳೆದಳು. ಇನ್ನೊಂದು ಸೌಟು ಸಾರು ಬಡಿಸಿದಳು.

“ಇರೋದು ಒಂದು ನಾಲ್ಗೆ, ಎಲ್ಡು ಊರು ತಿರುಗ್ಲಿ ಬುಡು” ಎಂದು ಚಿತ್ತಪ್ಪ ಮುದ್ದೆ ಮುರಿದ. ಆ ಮನೆಯಲ್ಲಿ ಮಗಳ ಕಡೆ ಯಾವಾಗಲೂ ಒಬ್ಬ ಇರುತ್ತಿದ್ದ.

ಅದಾಗಿ ಹತ್ತು ದಿನಕ್ಕೆ ಭಾನುವಾರ ಬಂತು. ತಯಾರಾದ ಪ್ಯಾಂಟುಗಳ ಲಾಟು ಬಳ್ಳಾರಿಗೆ ಹೋಗಬೇಕೆಂದು ಯೂನಿಟ್ಟಿಗೆ ಆ ದಿನ ರಜೆ ಕೊಟ್ಟಿರಲಿಲ್ಲ. ಸೌಭಾಗ್ಯ ಮುದ್ದೆ, ಹುರುಳಿ ಸಾರು ಹಾಕಿ ಕ್ಯಾರಿಯರ್ ಕಟ್ಟಿ ಮಗಳ ಕೈಗೆ ಕೊಟ್ಟಳು. ಮೌನಿಕಾ ಹೋದಷ್ಟೇ ಬೇಗ ಬಂದಳು. ಬಂದವಳು ನೇರವಾಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಕ್ಯಾರಿಯರ್ ಕೊಟ್ಟಾ?” ಎಂದು ಸೌಭಾಗ್ಯ ಕತ್ತರಿ ಆಡಿಸುತ್ತಲೇ ಕೂಗಿದಳು.

ಒಳಗೆ ನೀರಿನ ಸದ್ದು ಮಾತ್ರ ಬಂತು. ಅಷ್ಟರಲ್ಲಿ ಬೀದಿಯ ತುದಿಯಿಂದ ಪಂಪಮ್ಮ ಎದೆ ಬಡಿದುಕೊಳ್ಳುತ್ತ ಓಡಿಬಂದಳು. “ಸೌಭಾಗ್ಯ, ಬಾರವ್ವ, ಬಾ! ನಿಮ್ಮ ಯಜಮಾನ್ರು ಕಣ್ಣು ಕಣ್ಣು ಅಂತ ನೆಲದಾಗ ಬಿದ್ದು ಹೊರಳ್ಯಾಡಾಕತ್ಯಾರ!”

ತೊಟ್ಟಿಯಲ್ಲಿ ಆಸಿಡ್ ಬೆರೆಸಿದ ನೀರಿತ್ತು. ಬ್ಲೀಚಿನ ಕ್ಯಾನುಗಳನ್ನು ಅದರ ಪಕ್ಕದಿಂದ ಆಚೆಯ ಕೋಣೆಗೆ ಸಾಗಿಸುವುದಷ್ಟೇ ಚಿತ್ತಪ್ಪನ ಕೆಲಸ. ಎರಡೂ ಒಂದಕ್ಕೊಂದು ಸೋಕಬಾರದೆಂದು ಬೊಮ್ಮಣ್ಣ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಆದರೆ ಆ ದಿನ ಇಡೀ ಕ್ಯಾನು ತೊಟ್ಟಿಯೊಳಗೆ ಹೋಗಿತ್ತು. ನೀರು ಉಕ್ಕಿ ಮುಖಕ್ಕೆ ಎರಚಿತು. ಹಳದಿ ಹೊಗೆ ಎದ್ದು ಎದೆಗಿಳಿಯಿತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡರು. ಬಲಗಣ್ಣು ಹೋಯಿತೆಂದರು. ಎಡಗಣ್ಣಿಗೆ ಕಿಟಕಿ ಎಲ್ಲಿದೆಯೆಂದು ತಿಳಿಯುವಷ್ಟು ಬೆಳಕು ಉಳಿಯಬಹುದೆಂದರು. ಮೊದಲ ವಾರವೇ ಯೂನಿಟ್ಟಿನ ಪೆದ್ದಣ್ಣ ಬೊಮ್ಮಣ್ಣನನ್ನು ಕರೆದುಕೊಂಡು ನೋಡಲು ಬಂದ. ಮಂಚದ ಪಕ್ಕ ನಿಂತು, “ಏನಾತು, ನೀನಾ ಹೇಳಪ್ಪ” ಎಂದ.

“ಮೇಸ್ತ್ರಿ ಒಯ್ಯಿ ಅಂದ್ರು, ಒಯ್ದೆ” ಎಂದ ಚಿತ್ತಪ್ಪ. ಮುಖಕ್ಕೆಲ್ಲ ಬಟ್ಟೆ ಸುತ್ತಿತ್ತು. “ಎಗಲ ಮ್ಯಾಲೆ ಕ್ಯಾನಿತ್ತು. ಇಂದ್ಲಿಂದ ಒಂದೇ ಸಲ ಕೂಗಿದ್ರು. ಬೆಚ್ಚಿಬಿದ್ದು ಒಯ್ದುಬುಟ್ಟೆ.”

ಮೂರು ತಿಂಗಳು ಒಯ್ದು ಒಯ್ದು ಅವನಿಗೆ ಇಲ್ಲಿಯ ಅರ್ಥ ರೂಢಿಯಾಗಿತ್ತು. ಆದರೆ ಬೆನ್ನ ಹಿಂದಿನಿಂದ ಬಿದ್ದ ಮಾತಿಗೆ ಹುಟ್ಟಿದೂರಿನ ಅರ್ಥವೇ ಮೊದಲು ಓಡಿಬಂದಿತ್ತು.

“ಅಣ್ಣಾರ, ನಾ ಅಲ್ಲಿ ಇದ್ದಿಲ್ರಿ!” ಬೊಮ್ಮಣ್ಣನ ಬಾಯಲ್ಲಿ ಅಡಕೆ ಇರಲಿಲ್ಲ. “ಬೀಡಿ ಸೇದಾಕ ಹಿತ್ತಲಕ್ಕ ಹೋಗಿದ್ದೆ. ದೇವರಾಣಿ.”

“ಅವರ ದನಿ ನಂಗೊತ್ತಿಲ್ವಾ?” ಎಂದ ಚಿತ್ತಪ್ಪ.

ಪೆದ್ದಣ್ಣ ಬೊಮ್ಮಣ್ಣನ ಕಡೆ ತಿರುಗಿದ. “ಕಣ್ಣು ಕಳ್ಕೊಂಡ ಮನುಷ್ಯ ಸುಳ್ಳು ಹೇಳ್ತಾನೇನಲೇ? ಇದ್ದಿ ಅಂದ್ರ ತಪ್ಪು ನಿಂದು. ಇದ್ದಿಲ್ಲ ಅಂದ್ರೂ ತಪ್ಪು ನಿಂದಾ. ನಾಳಿಂದ ಬರಬ್ಯಾಡ.” ಹೊರಡುವಾಗ ಸೌಭಾಗ್ಯಳನ್ನು ಜಗಲಿಗೆ ಕರೆದು, “ಮೇಸ್ತ್ರಿ ತಪ್ಪು ಅಂತ ಆಸ್ಪತ್ರಿ ಖರ್ಚು ನಾ ನೋಡ್ಕೊಂತೀನಮ್ಮ. ನಿಮ್ಮವರು ತಾವಾಗೇ ಮಾಡ್ಕೊಂಡಿದ್ರ ಈ ಕಡಿ ತಲಿ ಹಾಕ್ತಿದ್ದಿಲ್ಲ, ತಿಳಿತಿಲ್ಲೋ?” ಎಂದ.

ತಿಳಿಯಿತು ಎಂದು ಸೌಭಾಗ್ಯ ತಲೆಯಾಡಿಸಿದಳು.

ಚಿತ್ತಪ್ಪನನ್ನು ಮನೆಗೆ ಕರೆತಂದ ದಿನ ನರಸಮ್ಮ ಬಾಗಿಲಲ್ಲೇ ಅವನ ಮುಖ ತಡವಿದಳು. “ವಾಸಿಂಗು ವಾಸಿಂಗು ಅಂದ್ರಲ್ಲೋ. ವಾಸಿಯಾಗೋ ಜಾಗ ಅಂದ್ಕಂಡಿದ್ದೆ ನಾನು.” ಯಾರೂ ನಗಲಿಲ್ಲ. ನಗಿಸಲೆಂದು ಅವಳು ಹೇಳಿಯೂ ಇರಲಿಲ್ಲ.

ಚಿತ್ತಪ್ಪ ಇಡೀ ದಿನ ಗೋಡೆಗೊರಗಿ ಕೆಮ್ಮುತ್ತ ಕೂರುತ್ತಿದ್ದ. ಸದ್ದಾದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದ. ಎರಡು ದಿನ ನೋಡಿ ನರಸಮ್ಮನಿಗೆ ತಡೆಯಲಾಗಲಿಲ್ಲ. “ಮೌನಿ, ಅದ್ಯಾಕೆ ಬಾಯಿಗೆ ಬೀಗ ಜಡ್ಕಂಡಿದೀಯ? ನಿಮ್ಮಪ್ಪ ಒಂದೀಟು ನಗ್ಲಿ. ಕಂಡಕ್ಟರ್ ಮಾಡು. ಆ ಬೊಮ್ಮಣ್ಣನ್ನ ಮಾಡು.”

ಮೌನಿಕಾ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು. ಬೇವಿನ ಬುಡದಲ್ಲಿ ಬಗ್ಗಿ ಅವಳು ಕಾರಿಕೊಳ್ಳುವುದು ಒಳಗಿನವರೆಗೂ ಕೇಳಿಸಿತು. “ಇಟ್ಟು ಸರಿಯಾಗಿ ಬೆಂದಿಲ್ಲ ಅಂತ ಕಾಣ್ತದೆ” ಎಂದಳು ನರಸಮ್ಮ.

ಮರುದಿನ ಸೌಭಾಗ್ಯ ಕ್ಯಾರಿಯರ್ ಕೇಳಿಕೊಂಡು ಯೂನಿಟ್ಟಿಗೆ ಹೋದಳು. ಗೇಟಿನ ಕಾವಲಿಗೆ ಇದ್ದವನು ಮೂಕಪ್ಪ. ಹೆಸರಿಗೆ ಸೇಡು ತೀರಿಸಿಕೊಳ್ಳುವಂತೆ ಸದಾ ಮಾತಾಡುವವನು. ದಿನಾ ಊಟದ ಕ್ಯಾರಿಯರ್ ಅವನ ಕೈಗೇ ಕೊಟ್ಟು ಬರುವುದು ವಾಡಿಕೆ.

“ಅವತ್ತ ನಾ ಉಣ್ಣಾಕ ಹೋಗಿದ್ದೆ ನೋಡಕ್ಕ. ನಿಮ್ಮ ಡಬ್ಬಿ ನನ್ನ ಕಡೆ ಬಂದಿಲ್ಲ. ಆಮ್ಯಾಲ ನೋಡಿದ್ರ ಒಳಗ ಕಿಟಕಿ ಮ್ಯಾಲ ಕುಂತಿತ್ತು. ಆ ತೊಟ್ಟಿ ಹಿಂದ್ಲ ಕಿಟಕಿ.” ಅವನು ಕ್ಯಾರಿಯರನ್ನು ಗಡಗಡ ಅಲ್ಲಾಡಿಸಿ ಕೊಟ್ಟ. ಒಳಗೆ ಒಣಗಿದ ಮುದ್ದೆ ಕಲ್ಲಾಗಿ ಉರುಳಾಡಿತು.

ಸೌಭಾಗ್ಯ ವಾಪಸು ಬಂದು, ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದ ಮಗಳ ಮುಂದೆ ಕ್ಯಾರಿಯರನ್ನು ಇಟ್ಟಳು. ಅಲ್ಲಿ ಆಗ ಬೇರೆ ಯಾರೂ ಇರಲಿಲ್ಲ.

“ಒಳಗೆ ಓಗಿದ್ಯಾ?”

ಮೌನಿಕಾ ಕ್ಯಾರಿಯರ್ ನೋಡಿದಳು.

“ನಿನ್ನೇ ಕೇಳ್ತಿರೋದು. ಕಿಟಕಿ ತಾವ ಓಗಿದ್ಯಾ?”

“ಅಪ್ಪ ಬೆನ್ನಾಕ್ಕಂಡು ನಿಂತಿದ್ದ.” ಹುಡುಗಿಯ ದನಿ ಬಾವಿಯಿಂದ ಸೇದಿದಂತೆ ಬಂತು. “ತಮಾಷೆಗೆ... ತಿರುಗಿ ನೋಡಿ ನಗ್ತಾನೆ ಅಂದ್ಕಂಡೆ. ಬೊಮ್ಮಣ್ಣನ ದನೀಲಿ ಕೂಗ್ದೆ.”

“ಏನಂತ?”

“‘ಏ ಚಿತ್ತಪ್ಪ, ಕ್ಯಾನ್ ಒಯ್ಯೋ’ ಅಂತ.”

ಸೌಭಾಗ್ಯ ನಲ್ಲಿಕಟ್ಟೆಯ ಮೇಲೆ ಕುಳಿತಳು. “ಎತ್ತ ಅಪ್ಪನ್ನ ಎಸರಿಟ್ಟು ಕೂಗಿದ್ಯೇನೇ?”

“ತಗಂಡೋಗು ಅಂತ್ಲೇ ಕಣಮ್ಮ ನಾನಂದಿದ್ದು! ಇಲ್ಲಿ ಒಯ್ಯಿನೇ ಬಾಯಿಗೆ ಬಂದಿದ್ದು. ಅಪ್ಪನ ಒಯ್ಯಿ ಬ್ಯಾರೆ ಅಂತ... ಅಪ್ಪ ನಮ್ಮೂರೋನು ಅನ್ನೋದೇ ಆ ಗಳಿಗೆ ಮರ್ತೋಗಿತ್ತು. ಅಪ್ಪ ಕೂಗ್ಕಂಡ. ನಾನು ಓಡ್ಬಂದ್ಬುಟ್ಟೆ.” ಅವಳು ಎದ್ದು ನಿಂತಳು. “ಓಗಿ ಎಲ್ರಿಗೂ ಏಳ್ತೀನಿ. ಪಂಪಮ್ಮತ್ತೆಗೆ ಏಳ್ತೀನಿ.”

ಸೌಭಾಗ್ಯ ಅವಳ ರಟ್ಟೆ ಹಿಡಿದು ಕೂರಿಸಿದಳು. ಐದು ನೀಲಿ ಬೆರಳು ರಟ್ಟೆಯಲ್ಲಿ ಹೂತವು. “ಏಳಿದ್ರೆ ಆಸ್ಪತ್ರೆ ಖರ್ಚು ನಾಳೆಯಿಂದ ನಿಲ್ತದೆ. ಅದು ಓಗ್ಲಿ. ನಿಮ್ಮಪ್ಪನ ಕಣ್ಣು ತೆಗ್ದೋಳು ಮಗಳು ಅಂತ ಊರೂರು ಮಾತಾಡ್ತದೆ. ಅವರ ಕಿವಿಗೆ ಅದು ಬೀಳಬಾರ್ದು. ಬಾಯಿ ಮುಚ್ಕಂಡಿರು. ಕೇಳಿಸ್ತಾ?”

“ಬೊಮ್ಮಣ್ಣ?”

“ಬೊಮ್ಮಣ್ಣನಿಗೆ ಕಣ್ಣೈತೆ. ಎಲ್ಲಾದ್ರೂ ಕೆಲ್ಸ ಸಿಗ್ತದೆ.”

ಕ್ಯಾರಿಯರಿಗೆ ಬೂದಿ ಹಾಕಿ ಅವಳೇ ತಿಕ್ಕಿದಳು. ಮೂರು ನೀರಿನಲ್ಲಿ ತೊಳೆದರೂ ಬ್ಲೀಚಿನ ವಾಸನೆ ಬಿಡಲಿಲ್ಲ. ಅಂದಿನಿಂದ ಮೌನಿಕಾ ಹೆಸರಿಗೆ ತಕ್ಕವಳಾದಳು. ಕಾಲೇಜಿಗೆ ಹೋಗುವಳು, ಬರುವಳು, ಅಪ್ಪನ ಎದುರಿನ ಮೂಲೆಯಲ್ಲಿ ಪುಸ್ತಕ ಹಿಡಿದು ಕೂರುವಳು. ಕರೆದರೆ ಎದ್ದು ಬರುವಳು, ಕೇಳಿದ್ದನ್ನು ಕೊಡುವಳು. ‘ಹೂಂ’ ಇಲ್ಲ, ‘ಊಂ’ ಕೂಡ ಇಲ್ಲ.

ಬೊಮ್ಮಣ್ಣನಿಗೆ ಕೆಲಸ ಸಿಗಲಿಲ್ಲ. ಆಳಿನ ಕಣ್ಣು ಕಳೆದ ಮೇಸ್ತ್ರಿ ಎಂಬ ಹೆಸರು ಅವನಿಗಿಂತ ಮೊದಲೇ ಊರಿನ ಯೂನಿಟ್ಟುಗಳಿಗೆಲ್ಲ ಹೋಗಿ ಕುಳಿತಿತ್ತು. ಪಂಪಮ್ಮನ ಮನೆಯ ರೊಟ್ಟಿಯ ಸದ್ದು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿಯಿತು. ನಲ್ಲಿಯ ಬಳಿ ಅವಳು ಸೌಭಾಗ್ಯಳ ಕೊಡವನ್ನು ಕಾಲಿನಿಂದ ಸರಿಸಿದಳು.

“ನಾ ನಿಮಗ ಏನ್ ಮಾಡಿದ್ದೆವ್ವ? ಕೆಲ್ಸ ಕೊಡಿಸಿದ್ದಕ್ಕ ಇದಾ ಏನು?”

“ನಾವೇನ್ ಬೇಕಂತ ಮಾಡಿದ್ವಾ ಪಂಪಮ್ಮ? ಕೇಳಿಸಿದ್ದು ಏಳಿದ್ರು ಅವರು.”

“ಏನ್ ಕೇಳಿಸಿತು? ಅವತ್ತ ನಿಮ್ಮ ಅಜ್ಜಿಗೆ ನಾ ಒಯ್ರಿ ಅಂದ್ರ ಚೆಲ್ಲಿದ್ಲು. ನಕ್ಕು ಸುಮ್ಮನಾದ್ವಿ. ಹಂಗಾ ನಿಮ್ಮವರೂ ಚೆಲ್ಯಾರ, ಅದು ನಂಗ ತಿಳಿತೈತಿ. ಆದ್ರ ನನ್ನ ಗಂಡ ಅಲ್ಲಿ ಇದ್ದಿಲ್ಲ. ನಿನ್ನ ಮಗಳ ಮ್ಯಾಲ ಆಣಿ ಇಡು, ಇದ್ದ ಅಂತ. ಇಡು!”

ಸೌಭಾಗ್ಯ ಅರ್ಧ ತುಂಬಿದ ಕೊಡವನ್ನು ಎತ್ತಿಕೊಂಡು ಒಳಗೆ ಬಂದಳು. ಬಾಗಿಲು ಹಾಕಿದ ಮೇಲೂ ನಲ್ಲಿಯ ನೀರು ಸುಮ್ಮನೆ ಬೀಳುವುದು ಕೇಳಿಸುತ್ತಿತ್ತು.

“ಯಾರು ಕೂಗಾಡ್ತಿರೋದು?” ಎಂದ ಚಿತ್ತಪ್ಪ.

“ಸರದಿ ಜಗಳ” ಎಂದಳು.

ಇನ್ನೆರಡು ವಾರ ಕಳೆದು, ಪಂಪಮ್ಮನ ತಮ್ಮ ಬಾಲರಾಜು ಕಣೇಕಲ್ಲಿನಿಂದ ಆಟೋ ತಂದು ವಠಾರದ ಮುಂದೆ ನಿಲ್ಲಿಸಿದ. ಮೇಸ್ತ್ರಿ ಇನ್ನು ಭಾಮೈದನ ಗದ್ದೆಯಲ್ಲಿ ನಾಟಿ ಕೆಲಸಕ್ಕೆ. ಬೆಳಗಿನ ಊಟದ ಹೊತ್ತು. ಸೌಭಾಗ್ಯ ಗಂಡನಿಗೆ ಮುದ್ದೆ ಮುರಿದು ಸಾರು ಹಾಕಿ, ಅವನ ಕೈಯನ್ನು ತಟ್ಟೆಗೆ ಮುಟ್ಟಿಸುತ್ತಿದ್ದಳು. ಬಾಗಿಲಲ್ಲಿ ಒಂದು ಒಣ ಕೆಮ್ಮು ಕೇಳಿಸಿತು. ಮೂಲೆಯಲ್ಲಿದ್ದ ಮೌನಿಕಾಳ ಪುಸ್ತಕ ಕೆಳಗೆ ಬಿತ್ತು.

“ಹೋಗಿ ಬರ್ತೀವ್ರಿ ಅಣ್ಣಾರ” ಎಂದ ಬೊಮ್ಮಣ್ಣ. ಒಳಗೆ ಬರಲಿಲ್ಲ.

“ಬರ್ರಿ ಮೇಸ್ತ್ರಿ, ಕುಂತ್ಕಳ್ಳಿ. ಸೌಭಾಗ್ಯ, ಇಟ್ಟು ಆಕು ಅವ್ರಿಗೆ.”

“ಬ್ಯಾಡ್ರಿ. ಒಂದು ಮಾತು ಕೇಳಿ ಹೋಗಾನು ಅಂತ ಬಂದೆ. ನನ್ನ ಹೆಂಡ್ತಿ ಬ್ಯಾಡ ಅಂದ್ಲು. ಆದ್ರೂ ಮನಸು ತಡಿಲಿಲ್ಲ. ನಾ ಅಂದೆ ಅಂತೀರಿ. ಆತು. ಹೆಂಗ ಅಂದೆ? ನೀವು ಕೇಳಿದಂಗಾ ಹೇಳ್ರಿ.”

“ಅದೇ ಮೇಸ್ತ್ರಿ, ಇಂದ್ಲಿಂದ ಬಂದು, ‘ಏ ಚಿತ್ತಪ್ಪ, ಕ್ಯಾನ್ ಒಯ್ಯೋ’ ಅಂತ ನೀವು...”

ಚಿತ್ತಪ್ಪ ಅಲ್ಲಿಗೆ ನಿಲ್ಲಿಸಿದ. ತಟ್ಟೆಯೊಳಗಿನ ಕೈಯೂ ನಿಂತಿತು.

“ನಾನಾ?” ಬೊಮ್ಮಣ್ಣನ ದನಿ ಸಣ್ಣದಾಯಿತು. “ಅಣ್ಣಾರ, ನಾ ಯಾವತ್ತರ ನಿಮ್ಮನ್ನ ಹೆಸರು ಹಿಡಿದು ಕರದೀನೇನ್ರಿ? ಒಂದಿನರ ಓ ಅಂದೀನೇನ್ರಿ?”

ಒಲೆಯ ಮೇಲಿನ ಸಾರು ಕೊತಗುಟ್ಟುತ್ತಿತ್ತು. ನರಸಮ್ಮ ಬಾಯಿ ತೆರೆದು ಏನೋ ಹೇಳಹೊರಟವಳು ಸೊಸೆಯ ಮುಖ ನೋಡಿ ಮುಚ್ಚಿದಳು. ಚಿತ್ತಪ್ಪ ಬಾಗಿಲ ಕಡೆಯಿಂದ ಮುಖ ತಿರುಗಿಸಿದ. ಸೌಭಾಗ್ಯಳನ್ನು ದಾಟಿ, ತಾಯಿಯನ್ನು ದಾಟಿ, ಆ ಕಾಣದ ಕಣ್ಣುಗಳು ಮೂಲೆಗೆ ಬಂದು ನಿಂತವು. ಅಲ್ಲಿ ಯಾರೋ ಉಸಿರು ಬಿಗಿಹಿಡಿದು ಕುಳಿತಿದ್ದರು.

ಸೌಭಾಗ್ಯ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಗಂಡನಿಗೆ ತಿಳಿಯಿತು.

ಚಿತ್ತಪ್ಪ ಮತ್ತೆ ಬಾಗಿಲ ಕಡೆ ತಿರುಗಿದ.

“ಅವತ್ತು ಅಂದ್ರಿ ಮೇಸ್ತ್ರಿ” ಎಂದ. “ಅವಸರದಾಗೆ ಬಾಯಿ ತಪ್ಪಿ ಅಂದ್ರಿ. ದನಿ ನಿಮ್ದೇ.”

ಬೊಮ್ಮಣ್ಣ ಬಾಗಿಲ ಚೌಕಟ್ಟಿಗೆ ಕೈಯೂರಿದ. “ಆತ್ರಿ ಅಣ್ಣಾರ” ಎಂದ. “ಅಂದಿರಬೇಕು ಹಂಗಾರ.” ಇಳಿದು ಹೋದ.

ಚಿತ್ತಪ್ಪ ಉಣ್ಣತೊಡಗಿದ. ಮುದ್ದೆಯನ್ನು ಸಾರಿನಲ್ಲಿ ಹೊರಳಿಸುವುದು, ನುಂಗುವುದು, ಮತ್ತೆ ಹೊರಳಿಸುವುದು. ಹೊರಗೆ ಪಾತ್ರೆಗಳು ಸದ್ದುಮಾಡಿದವು, ಮಂಚ ಎಳೆದರು. ಆಮೇಲೆ ಮೂಗಿನಿಂದ ಹೊರಟ, ಕೊನೆಗೊಂದು ಕೆಮ್ಮು ಕಟ್ಟಿಕೊಂಡ, ಅಸಲಿ ದನಿಯೇ ಬೀದಿಯಿಂದ ಒಳಗೆ ಬಂತು.

“ಏ ಬಾಲರಾಜು, ಆ ಟ್ರಂಕ್ ಒಯ್ಯೋ! ನಿಂತ್ಕೊಂಡು ಏನ್ ನೋಡ್ತೀಯೋ, ಖ್ಹೆ!”

ಚಿತ್ತಪ್ಪ ಕೊನೆಯ ತುತ್ತು ನುಂಗಿ, ಅಂಟಂಟು ಕೈಯನ್ನು ತಟ್ಟೆಯ ಮೇಲೆ ಚಾಚಿದ.

“ಮೌನಿ, ಒಯ್ಯವ್ವ.”

ಸೌಭಾಗ್ಯ ಏಳಹೊರಟಳು. ಅಷ್ಟರಲ್ಲಿ ಹುಡುಗಿ ಮೂಲೆಯಿಂದ ಎದ್ದಿದ್ದಳು. ಚೊಂಬು ತುಂಬಿಕೊಂಡು ಬಂದು ಅಪ್ಪನ ಮುಂದೆ ಮಂಡಿಯೂರಿದಳು. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಬಗ್ಗಿಸಲಿಲ್ಲ. ಎಷ್ಟೋ ದಿನ ಯಾರ ದನಿಯೂ ಹೊರಡದಿದ್ದ ಗಂಟಲಿನಿಂದ ಅವಳದೇ ದನಿ ಬಂತು.

“ಯಾವ ಒಯ್ಯಿ, ಅಪ್ಪ?”

ಹೊರಗೆ ಆಟೋ ಹೊರಟಿತು. ಚಿತ್ತಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

“ನಮ್ದು” ಎಂದ. “ನಮ್ದು ಕಣವ್ವ. ಒಯ್ಯಿ.”

ನೀರು ಬಿತ್ತು. ಚೊಂಬು ಬರಿದಾಗುವವರೆಗೂ ಅವನು ಬೆರಳು ಉಜ್ಜಲಿಲ್ಲ. ಕೈಯನ್ನು ಹಾಗೇ ನೀರಿನ ಕೆಳಗೆ ಹಿಡಿದುಕೊಂಡಿದ್ದ.